ಡ್ರೈವರ್ ಬಾಗಿಲಿನ ಸ್ವಿಚ್ಚು

ಫೆಬ್ರವರಿ 9, ಭಾನುವಾರ

ಇದು ಲಿಫ್ಟು ಕಂಪನಿಯ ರಿಜಿಸ್ಟರು. ರಿಟೈರಾದ ದಿನ ಎರಡು ಖಾಲಿ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದೆ. ಕಳ್ಳತನವೆಂದರೆ ಕಳ್ಳತನವೇ. ಪ್ರತಿ ಪುಟದಲ್ಲೂ ಮೂರು ಕಾಲಂ: ದೂರು, ಕಾರಣ, ಪರಿಹಾರ. ಮೂವತ್ತೊಂದು ವರ್ಷ ಇವುಗಳನ್ನೇ ತುಂಬಿದ ಕೈ ಇದು. ಬೇರೆ ಥರ ಬರೆಯಲು ಬರುವುದಿಲ್ಲ, ಈ ವಯಸ್ಸಿನಲ್ಲಿ ಕಲಿಯುವ ಆಸೆಯೂ ಇಲ್ಲ.

ಬೆಳಿಗ್ಗೆ ಮಗಳ ಫೋನು. ಪ್ರತಿ ಭಾನುವಾರ ಮಾಡುತ್ತಾಳೆ. ತಿಂಡಿ ಆಯ್ತಾ? ಆಯ್ತು. ನಿದ್ದೆ ಬಂತಾ? ಬಂತು. ಎರಡೂ ಸುಳ್ಳು. ಆಮೇಲೆ ಕೇಳಿದಳು.

"ಅಪ್ಪಾ, ಅಮ್ಮನ ಕಾರು ಏನ್ಮಾಡ್ತೀಯ?"

"ಏನ್ಮಾಡ್ಲಿ? ನನಗೆ ಓಡ್ಸೋಕೆ ಬರಲ್ಲ. ಆ ಮುದುಕೀನ ಗುಜರಿಯವನಿಗೆ ತೋರಿಸಿದ್ರೆ ಅವನೂ ಮೂಗು ಮುರೀತಾನೆ."

"ಮಾರ್ಬೇಡ. ನಾನು ತಗೊಂಡು ಹೋಗ್ತೀನಿ. ಮಾರ್ಚ್ ಮೂವತ್ತು ಭಾನುವಾರ, ಆವತ್ತು ಬರ್ತೀನಿ."

"ಬ್ರೇಕು, ಇಂಜಿನ್ನು ಎಲ್ಲಾ ಒಂದ್ಸಲ ನೋಡಿಸ್ಬೇಕು..."

"ಅದೆಲ್ಲ ಇಲ್ಲಿ ನೋಡಿಸ್ಕೋತೀನಿ. ನೀನು ಒಂದೇ ಒಂದು ಕೆಲಸ ಮಾಡು. ಒಳಗಿನ ದೀಪ ಸರಿ ಮಾಡಿಕೊಡು. ನೀನೇ ಮಾಡ್ಬೇಕು, ಬೇರೆಯವರ ಕೈಲಿ ಮಾಡಿಸ್ಬೇಡ."

ಆಗಲಿ ಎಂದೆ. ಬೇರೇನು ಹೇಳಲಿ?

ನನ್ನವಳು ಹೋಗಿ ಇವತ್ತಿಗೆ ಎಂಬತ್ತೇಳು ದಿನ.

ದೂರು: ಬಾಗಿಲು ತೆರೆದರೆ ಕಾರಿನ ಒಳಗಿನ ದೀಪ ಹತ್ತುವುದಿಲ್ಲ.
ಕಾರಣ: ಸ್ವಿಚ್ಚಿಗೆ ತುಕ್ಕು.
ಪರಿಹಾರ: ಆಗಬೇಕಿದೆ.

ಫೆಬ್ರವರಿ 10

ಶೆಡ್ಡಿನವರೆಗೆ ಹೋದೆ. ಬೀಗ ಮುಟ್ಟಿ ವಾಪಸು ಬಂದೆ.

ಫೆಬ್ರವರಿ 13

ಇವತ್ತು ಶಟರ್ ಎತ್ತಿದ್ದು ನಾನಲ್ಲ, ತಗಡಣ್ಣ. ನಮ್ಮ ಶೆಡ್ಡಿನಿಂದ ಮೂರನೆಯದು ಅವನದು. ಡಿಕ್ಕಿ ಹೊಡೆಸಿಕೊಂಡು ಬಂದ ಕಾರುಗಳ ತಗಡು ತಟ್ಟಿ ನೇರ ಮಾಡುವುದು ಅವನ ಕಸುಬು. ಸುತ್ತಿಗೆಯ ಸದ್ದಿನಲ್ಲಿ ನಲವತ್ತು ವರ್ಷ ಕಳೆದವನು, ಹಾಗಾಗಿ ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ.

"ಬೀಗದ ಮುಂದೆ ನಿಂತ್ಕೊಂಡು ಏನು ಧ್ಯಾನ ಮಾಡ್ತಿದೀಯೋ? ಕೊಡು ಇಲ್ಲಿ," ಎಂದು ಕೀ ಕಿತ್ತುಕೊಂಡ.

ಒಳಗೆ ಅವಳ ಕಾರು. ನಲವತ್ತೆರಡು ವರ್ಷದ ಗಾಡಿ. ಅವಳ ಸೋದರಮಾವ ಓಡಿಸಿ ಓಡಿಸಿ ಸಾಕಾಗಿ ಅವಳಿಗೆ ದಾಟಿಸಿದ್ದು. ಮನೆಯಲ್ಲಿ ಅದಕ್ಕೆ ಅಜ್ಜಿ ಎಂದೇ ಹೆಸರು. ಬೆಳಿಗ್ಗೆ ಎದ್ದೇಳಲು ಕೆಮ್ಮುತ್ತದೆ, ಏರು ಕಂಡರೆ ಗೊಣಗುತ್ತದೆ, ಒಮ್ಮೆ ಹೊರಟರೆ ಮಾತ್ರ ಎಲ್ಲೂ ಕೈಕೊಡುವುದಿಲ್ಲ. ಸೀಟಿನ ಮೇಲೆ ಬೆರಳು ದಪ್ಪ ಧೂಳು. ತಗಡಣ್ಣ ತನ್ನ ಬನಿಯನ್ನಿನಿಂದಲೇ ಗಾಜು ಒರೆಸಿದ. ಬೇಡ ಎನ್ನಬೇಕೆನಿಸಿತು. ಆ ಧೂಳು ಕೂತಿದ್ದು ಅವಳು ಹೋದ ಮೇಲೆ ತಾನೇ, ಒರೆಸಿದರೆ ಏನು ನಷ್ಟ? ಆದರೂ ಅನ್ನಿಸಿತು.

ನಮ್ಮ ಮನೆ ಮೊದಲ ಮಹಡಿಯಲ್ಲಿ. ಅಡುಗೆಮನೆಯ ಕಿಟಕಿಯ ಕೆಳಗೆ ಹಿಂದಿನ ಓಣಿ, ಓಣಿಯ ಆಚೆ ಸಾಲಾಗಿ ಏಳು ಶೆಡ್ಡು. ಏಳು ಕಾರುಗಳ ಸದ್ದೂ ನನಗೆ ಒಂದೇ. ದೀಪ ಮಾತ್ರ ನಮ್ಮದು. ನನ್ನವಳು ರೈಲ್ವೆ ಸ್ಟೇಷನ್ನಿನ ವಿಚಾರಣೆ ಕೌಂಟರಿನಲ್ಲಿದ್ದಳು. ದಿನಕ್ಕೆ ಸಾವಿರ ಪ್ರಶ್ನೆ. ಗಾಡಿ ಎಷ್ಟೊತ್ತಿಗೆ, ಯಾವ ಪ್ಲಾಟ್‌ಫಾರಂ, ಯಾಕೆ ಲೇಟು, ಇನ್ನೂ ಎಷ್ಟು ಲೇಟು. ಸಂಜೆ ಏಳಕ್ಕೆ ಬಂದು ಕಾರು ನಿಲ್ಲಿಸಿದರೆ ಹತ್ತು ನಿಮಿಷ ಅಲ್ಲೇ ಕೂರುತ್ತಿದ್ದಳು. ಡ್ರೈವರ್ ಬಾಗಿಲು ತೆರೆದು, ಚಪ್ಪಲಿ ಕಳಚಿ, ಕಾಲು ಹೊರಗೆ ಚಾಚಿ. "ಆ ಹತ್ತು ನಿಮಿಷ ನನ್ನನ್ನ ಯಾರೂ ಏನೂ ಕೇಳ್ಬಾರ್ದು. ನೀವೂನೂ," ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ನಾನೂ ಆ ಮಾತನ್ನು ಮುರಿಯಲಿಲ್ಲ.

ಬಾಗಿಲು ತೆರೆದಿರುವಷ್ಟು ಹೊತ್ತು ಒಳಗಿನ ದೀಪ ಉರಿಯುತ್ತಿತ್ತು. ಹಿಂದಿನ ಗಾಜಿನಿಂದ ಹಳದಿ ಬೆಳಕು ಓಣಿಯ ನೆಲಕ್ಕೆ ಚಾಪೆ ಹಾಸಿದ ಹಾಗೆ ಬೀಳುತ್ತಿತ್ತು. ದೀಪ ಹತ್ತಿದರೆ ನಾನು ಟೀಗೆ ನೀರಿಡುತ್ತಿದ್ದೆ, ಆರಿದರೆ ಸೋಸುತ್ತಿದ್ದೆ. ಮೆಟ್ಟಿಲು ಹತ್ತಿ ಅವಳು ಬರುವುದಕ್ಕೂ ಲೋಟ ಮೇಜಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಇವತ್ತು ಡ್ರೈವರ್ ಬಾಗಿಲು ಬಿಟ್ಟು ಉಳಿದ ಮೂರು ಬಾಗಿಲಿನ ಸ್ವಿಚ್ಚು ಬಿಚ್ಚಿದೆ. ಬಾಗಿಲು ಮುಚ್ಚಿದರೆ ಒಳಗೆ ಒತ್ತಿಕೊಳ್ಳುವ ಚಿಕ್ಕ ಗುಂಡಿ, ತೆರೆದರೆ ಸ್ಪ್ರಿಂಗು ಹೊರಕ್ಕೆ ತಳ್ಳುತ್ತದೆ. ಅಷ್ಟೇ ಯಂತ್ರ. ಸ್ಕ್ರೂ ಸುತ್ತ ತುಕ್ಕು ಹಿಡಿದರೆ ಹತ್ತುವುದಿಲ್ಲ, ಗುಂಡಿ ಸವೆದರೆ ಆರುವುದಿಲ್ಲ.

"ಆ ಕಡೇದು?" ಎಂದ ತಗಡಣ್ಣ, ಡ್ರೈವರ್ ಬಾಗಿಲು ತೋರಿಸಿ.

"ನಾಳೆ ನೋಡೋಣ."

ಫೆಬ್ರವರಿ 16, ಭಾನುವಾರ

ಮಗಳ ಫೋನು. ತಿಂಡಿ, ನಿದ್ದೆ ಎಲ್ಲ ಆದ ಮೇಲೆ:

"ಬಿಚ್ಚಿ ನೋಡಿದ್ಯಾ?"

"ಮೂರು ಬಿಚ್ಚಿದೆ."

"ಏನಾಗಿತ್ತು?"

"ತುಕ್ಕು. ನಲವತ್ತೆರಡು ವರ್ಷ ಅಂದ್ರೆ ಸುಮ್ನೇನಾ?"

"ಅಮ್ಮನ ಕಡೆ ಬಾಗಿಲಿಂದೂ ತುಕ್ಕೇನಾ?"

"ಹೂಂ. ಅದೂ ತುಕ್ಕೇ."

"ಸರಿ ಅಪ್ಪ, ಇಡ್ತೀನಿ," ಎಂದಳು. ಎಂದೂ ಮೊದಲು ಇಡುವವಳಲ್ಲ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುವ ಹಲ್ಲು ಮಾಡಿಕೊಡುವುದು ಅವಳ ಕೆಲಸ. ಆರ್ಡರು ಜಾಸ್ತಿ ಇರಬೇಕು, ಅದಕ್ಕೇ ಅವಸರ.

ಫೆಬ್ರವರಿ 21

ಡ್ರೈವರ್ ಬಾಗಿಲಿನ ಸ್ವಿಚ್ಚು ಬಿಚ್ಚಿದೆ.

ಬರೆಯುತ್ತೇನೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ದೊಡ್ಡ ಮೇಸ್ತ್ರಿ ಹೇಳಿಕೊಟ್ಟ ಮೊದಲ ಪಾಠ: ಕಣ್ಣಾರೆ ಕಾಣದ ಕಾರಣವನ್ನು ಪುಸ್ತಕದಲ್ಲಿ ಬರೆಯಬಾರದು. ನಾನು ಮೊದಲ ಪುಟದಲ್ಲೇ ಬರೆದೆ. ಈಗ ಬಿಚ್ಚಿ ನೋಡಿದರೆ ಆ ಸ್ವಿಚ್ಚಿಗೆ ತುಕ್ಕೇ ಇರಲಿಲ್ಲ. ಸ್ವಿಚ್ಚಿನ ಹಿಂದೆ ಕಿತ್ತು ಮಡಚಿದ ವೈರು, ಅದರ ತುದಿಗೆ ಕಪ್ಪು ಟೇಪು. ಮೂರು ಸುತ್ತು ಸುತ್ತಿ ತುದಿಯನ್ನು ಒಳಕ್ಕೆ ಮಡಚಿದೆ. ಲಿಫ್ಟು ಕೆಲಸದವರು ಹಾಗೆ ಮಡಚುತ್ತಾರೆ, ಮುಂದೆ ಬಿಚ್ಚುವವನಿಗೆ ಸುಲಭವಾಗಲಿ ಅಂತ. ಬಿಚ್ಚಲು ಬಂದವನೂ ನಾನೇ ಆದೆ.

ಕಿತ್ತದ್ದು ನವೆಂಬರ್ ಎಂಟರ ಮಧ್ಯಾಹ್ನ. ಆ ಗುಂಡಿ ಸವೆದು, ಬಾಗಿಲು ಮುಚ್ಚಿದರೂ ದೀಪ ಆರುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಕೂತುಬಿಡುತ್ತಿತ್ತು. "ಒಂದು ಹೊಸ ಸ್ವಿಚ್ಚು ಹಾಕ್ರೀ," ಎಂದು ಅವಳು ಎರಡು ತಿಂಗಳು ಹೇಳಿದ್ದಳು. ನಾಳೆ, ನಾಳಿದ್ದು, ಭಾನುವಾರ. ಊರಿನ ಲಿಫ್ಟುಗಳ ಬಾಗಿಲಿಗೆಲ್ಲ ಸ್ವಿಚ್ಚು ಹಾಕಿದವನು, ಮನೆಯ ಕಾರಿನ ಒಂದು ಬಾಗಿಲು ನನ್ನ ಕೈಯಲ್ಲಿ ಆಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಆವತ್ತು ಬೆಳಿಗ್ಗೆ ಮತ್ತೆ ಬ್ಯಾಟರಿ ಸತ್ತಿತ್ತು. ಅವಳು ಸ್ಟಿಯರಿಂಗ್ ಹಿಡಿದು ಕೂತಳು, ನಾನು ಹಿಂದಿನಿಂದ ತಳ್ಳಿದೆ. ಸೊಂಟ ಹಿಡಿದುಕೊಂಡಿತು. ಅವಳಿಗೆ ಅವತ್ತು ಮಧ್ಯಾಹ್ನದವರೆಗೆ ಮಾತ್ರ ಕೆಲಸ. ಅವಳು ಬಂದು ಮಲಗಿದ ಮೇಲೆ ಶೆಡ್ಡಿಗೆ ಹೋಗಿ ಸಿಟ್ಟಿನಲ್ಲಿ ವೈರು ಕಿತ್ತು ಟೇಪು ಸುತ್ತಿ ಬಂದೆ. ಎದ್ದವಳಿಗೆ ಹೇಳಿದ್ದು: "ಸರಿ ಮಾಡಿದೀನಿ. ಇನ್ಮೇಲೆ ಬ್ಯಾಟರಿ ಕೂರಲ್ಲ."

ಬ್ಯಾಟರಿ ಕೂರಲಿಲ್ಲ, ಅದು ನಿಜ.

ಆಮೇಲೆ ಐದು ಸಂಜೆ ದೀಪ ಹತ್ತಲಿಲ್ಲ. ನಾನು ಗಡಿಯಾರ ನೋಡಿ ಟೀ ಇಟ್ಟೆ. ನಾಳೆ ಸ್ವಿಚ್ಚು ತರೋಣ, ಅಲ್ಲಿಯವರೆಗೆ ಗಡಿಯಾರ ಇದೆಯಲ್ಲ ಎಂದುಕೊಂಡೆ. ಅವಳೂ ಏನೂ ಕೇಳಲಿಲ್ಲ. ಆರನೇ ಸಂಜೆ, ನವೆಂಬರ್ ಹದಿನಾಲ್ಕು, ಏಳೂ ಹತ್ತಕ್ಕೆ ಟೀ ಸೋಸಿದೆ. ಬರಲಿಲ್ಲ. ಶೆಡ್ಡಿನ ಕಡೆ ನೋಡಿದೆ, ಕತ್ತಲೆ. ಯಾವುದೋ ರೈಲು ಲೇಟಾಗಿ ಕೌಂಟರಿನಲ್ಲಿ ಜನ ಮುತ್ತಿರಬೇಕು ಎಂದುಕೊಂಡೆ. ಒಂದು ಫೋನಾದರೂ ಮಾಡಬಾರದೇ ಎಂದು ಸಿಟ್ಟು ಬಂತು. ಟೀ ಆರುತ್ತದೆ ಎಂದು ಎರಡು ಲೋಟವನ್ನೂ ನಾನೇ ಕುಡಿದೆ. ರೇಡಿಯೋ ಹಾಕಿದೆ. ಎಂಟಕ್ಕೆ ಹತ್ತು ನಿಮಿಷ ಇರುವಾಗ ಕೆಳಗಿಳಿದು ಹೋದೆ, ಜಗಳವಾಡುವ ಉಮೇದಿನಲ್ಲೇ ಹೋದೆ.

ಬಾಗಿಲು ತೆರೆದಿತ್ತು. ಚಪ್ಪಲಿ ಕಳಚಿತ್ತು. ತಲೆ ಸೀಟಿನ ಪಕ್ಕಕ್ಕೆ ವಾಲಿತ್ತು. ಇಂಜಿನ್ನು ಪೂರ್ತಿ ತಣ್ಣಗಾಗಿತ್ತು.

ಹೃದಯ ಎಂದರು ಡಾಕ್ಟರು. ಬೇಗ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. "ಹೇಳಕ್ಕಾಗಲ್ಲ. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ದೀಪ ಯಾಕೆ ಹತ್ತಿರಲಿಲ್ಲ ಎಂದು ಕೇಳಿದವರಿಗೆಲ್ಲ, ಮಗಳಿಗೂ, ತುಕ್ಕು ಎಂದೆ. ಬಾಯಿಗೆ ಮೊದಲು ಬಂದದ್ದು ಅದು. ಆಮೇಲೆ ಅದನ್ನೇ ಹೇಳಿಕೊಂಡು ಬಂದೆ.

ಮಾರ್ಚ್ ಮೂವತ್ತಕ್ಕೆ ಮಗಳು ಬಂದು ಇದೇ ಸೀಟಿನಲ್ಲಿ ಕೂತು ಈ ಕಾರನ್ನು ಓಡಿಸಿಕೊಂಡು ಹೋಗುತ್ತಾಳೆ. ಅಷ್ಟರೊಳಗೆ ಹೇಳಬೇಕು. ಹೇಳಿದರೆ ನನಗೆ ಮಗಳೂ ಇರುವುದಿಲ್ಲ.

ಫೆಬ್ರವರಿ 22

ಏನೂ ಮಾಡಲಿಲ್ಲ.

ಮಾರ್ಚ್ 3

ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ಸ್ವಿಚ್ಚನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಜಿರಲೆ ನೋಡುವ ಹಾಗೆ ನೋಡಿದ.

"ಯಜಮಾನ್ರೇ, ಇದು ಮ್ಯೂಸಿಯಂನಲ್ಲಿ ಸಿಗುತ್ತೆ. ಬೇರೆ ಕಾರಿಂದು ಕೊಡ್ತೀನಿ, ತೂತು ಸ್ವಲ್ಪ ದೊಡ್ಡದು ಮಾಡ್ಕೊಳ್ಳಿ."

"ಅದೂ ಗುಂಡೀದೇ ತಾನೇ?"

"ಗುಂಡೀದೇ. ಮತ್ತೇನು ಚಿನ್ನದ್ದು ಇರುತ್ತಾ?"

ಬೇಡವೆಂದೆ. ಸವೆಯುವ ಗುಂಡಿಯ ಸಹವಾಸವೇ ಬೇಡ. ಲಿಫ್ಟು ಏರಿಳಿಯುವ ಬಾವಿಯೊಳಗೆ ನಾವು ಅಯಸ್ಕಾಂತದ ಸ್ವಿಚ್ಚು ಹಾಕುತ್ತಿದ್ದೆವು. ಬೆರಳುದ್ದದ ಗಾಜಿನ ನಳಿಗೆ, ಒಳಗೆ ಎರಡು ತೆಳು ಪಟ್ಟಿ. ಅಯಸ್ಕಾಂತ ಎದುರಿಗೆ ಬಂದರೆ ಪಟ್ಟಿಗಳು ಕೂಡುತ್ತವೆ, ದೂರ ಹೋದರೆ ಬಿಡುತ್ತವೆ. ಒಂದಕ್ಕೊಂದು ತಿಕ್ಕುವುದಿಲ್ಲ, ಒಳಗೆ ಗಾಳಿ ಹೋಗುವುದಿಲ್ಲ, ಆದ್ದರಿಂದ ಸವೆತವೂ ಇಲ್ಲ ತುಕ್ಕೂ ಇಲ್ಲ. ಅದನ್ನೇ ಬಾಗಿಲ ಚೌಕಟ್ಟಿನ ಒಳಗೆ ಕೂರಿಸಿ, ಬಾಗಿಲಿಗೆ ಅಯಸ್ಕಾಂತ ಅಂಟಿಸಿದರೆ ಹೊರಗೆ ಏನೂ ಕಾಣುವುದಿಲ್ಲ. ಬಲ್ಬಿನ ಭಾರ ಆ ಪಟ್ಟಿಗಳು ತಡೆಯುವುದಿಲ್ಲ, ಅದಕ್ಕೆ ನಡುವೆ ಒಂದು ರಿಲೇ ಬೇಕು, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಡಬ್ಬಿ. ಹಳೇ ಕಂಪನಿಯ ಗೋದಾಮಿನಲ್ಲಿರುವ ಹುಡುಗಿ ನನ್ನ ಕೈಕೆಳಗೆ ಕೆಲಸ ಕಲಿತವಳು. ಕೇಳಿದ ತಕ್ಷಣ ನಾಲ್ಕು ನಳಿಗೆ, ನಾಲ್ಕು ಅಯಸ್ಕಾಂತ, ಒಂದು ರಿಲೇ ಪೊಟ್ಟಣ ಕಟ್ಟಿಕೊಟ್ಟಳು. "ಯಾವ ಬಿಲ್ಡಿಂಗಿಗೆ ಸರ್?" ಎಂದಳು.

"ಅಜ್ಜಿಗೆ," ಎಂದೆ.

ಆಕೆ ನಕ್ಕಳು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಬರುವಾಗ, ನಕ್ಕೆನಲ್ಲ ಎಂದು ಮೈ ಉರಿಯಿತು.

ಮಾರ್ಚ್ 9, ಭಾನುವಾರ

ನಾಲ್ಕೂ ಬಾಗಿಲಿಗೆ ಕೂರಿಸಿ ಮುಗಿಯಿತು. ತೆರೆದರೆ ಹತ್ತುತ್ತದೆ, ಮುಚ್ಚಿದರೆ ಆರುತ್ತದೆ. ತಗಡಣ್ಣ ನಾಲ್ಕು ಬಾಗಿಲನ್ನೂ ತೆರೆದು ಮುಚ್ಚಿ, "ಲೇ, ಇದು ಕಾರೋ ಫೈವ್ ಸ್ಟಾರ್ ಹೋಟ್ಲೋ?" ಎಂದು ಕೂಗಿದ.

ಮಗಳ ಫೋನು ಬಂದಾಗ ಗ್ರೀಸ್ ಕೈಯಲ್ಲೇ ಎತ್ತಿಕೊಂಡೆ. ಆಯ್ತು ಎಂದೆ. "ಚೆನ್ನಾಗಾಯ್ತು," ಎಂದಳು. ಆಮೇಲೆ, "ಬೇರೇನಾದ್ರೂ ಹೇಳೋದಿದ್ಯಾ ಅಪ್ಪ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಏನಿಲ್ಲ ಎಂದೆ.

ಮಾರ್ಚ್ 13

ಬ್ಯಾಟರಿ ಸತ್ತಿದೆ.

ಎರಡು ಗಂಟೆ ಮೀಟರು ಹಿಡಿದು ಹುಡುಕಿದೆ. ಕೊನೆಗೆ ಗೊತ್ತಾದಾಗ ಶೆಡ್ಡಿನ ನೆಲದ ಮೇಲೆ ಕೂತುಬಿಟ್ಟೆ. ಇಂಥ ತಪ್ಪನ್ನು ಲಿಫ್ಟಿನವನು ಮಾತ್ರ ಮಾಡಲು ಸಾಧ್ಯ.

ಲಿಫ್ಟಿನಲ್ಲಿ ಬಾಗಿಲು ಮುಚ್ಚಿದಾಗ ಕರೆಂಟು ಹರಿಯಬೇಕು. ಎಲ್ಲ ಬಾಗಿಲೂ ಮುಚ್ಚಿ, ಎಲ್ಲ ಸ್ವಿಚ್ಚೂ ಕೂಡಿ, ರಿಲೇ ಎಳೆದುಕೊಂಡರೆ ಮಾತ್ರ ಲಿಫ್ಟು ಅಲುಗುತ್ತದೆ. ಮೂವತ್ತೊಂದು ವರ್ಷ ಹಾಗೆ ಜೋಡಿಸಿದ ಕೈ ಕಾರಿನಲ್ಲೂ ಹಾಗೇ ಜೋಡಿಸಿದೆ. ಬಾಗಿಲು ಮುಚ್ಚಿದ್ದಷ್ಟು ಹೊತ್ತೂ ರಿಲೇ ಒಳಗೇ ಎಳೆದುಕೊಂಡು ಕೂತು ಬ್ಯಾಟರಿ ಹೀರಿದೆ. ಮುಚ್ಚಿದ ಕಾರು ನಾಲ್ಕು ದಿನ ಸುಮ್ಮನೆ ರಕ್ತ ಸುರಿಸಿದೆ, ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು.

ಲಿಫ್ಟಿನಲ್ಲಿ ಹಾಗೆ ಮಾಡುವುದಕ್ಕೆ ಕಾರಣವಿದೆ. ಯಾರೋ ಎಲ್ಲೋ ಒಂದು ವೈರು ಕಿತ್ತರೆ ಲಿಫ್ಟು ನಿಂತುಬಿಡುತ್ತದೆ. ಜನ ಬೈಯುತ್ತಾರೆ, ಫೋನು ಮಾಡುತ್ತಾರೆ, ಮೆಕ್ಯಾನಿಕ್ಕು ಓಡಿ ಬರುತ್ತಾನೆ. ಕಿತ್ತ ವೈರು ಅಲ್ಲಿ ಒಂದು ಗಂಟೆಯೂ ಬಚ್ಚಿಟ್ಟುಕೊಳ್ಳಲಾರದು. ಕಾರಿನಲ್ಲಿ ವೈರು ಕಿತ್ತರೆ ಏನೂ ಆಗುವುದಿಲ್ಲ. ಕತ್ತಲೆ ಇರುತ್ತದೆ ಅಷ್ಟೆ. ಅವಳು ಬಂದಿಲ್ಲದಿದ್ದರೂ ಅದೇ ಕತ್ತಲೆ, ಬಂದು ಒಳಗೆ ಒರಗಿಕೊಂಡಿದ್ದರೂ ಅದೇ ಕತ್ತಲೆ. ಇದು ನನಗೆ ಗೊತ್ತಿರಬೇಕಿತ್ತು. ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು.

ಗೋದಾಮಿನ ಹುಡುಗಿಗೆ ಫೋನು ಮಾಡಿ, ಅಯಸ್ಕಾಂತ ಹತ್ತಿರ ಬಂದರೆ ಬಿಡುವ, ದೂರ ಹೋದರೆ ಕೂಡುವ ಜಾತಿಯ ನಳಿಗೆ ಕೇಳಿದೆ. ಬಾಗಿಲು ಮುಚ್ಚಿದ್ದಾಗ ಅದು ಒಂದು ತೊಟ್ಟು ಕರೆಂಟನ್ನೂ ಕುಡಿಯುವುದಿಲ್ಲ. ಬ್ಯಾಟರಿ ಬಿಚ್ಚಿ ಚಾರ್ಜಿಗೆ ಕೊಟ್ಟು ಬಂದೆ.

ಮಾರ್ಚ್ 16, ಭಾನುವಾರ

ಹೊಸ ನಳಿಗೆಗಳು ಬಂದವು. ಬೆಸುಗೆ ಹಾಕುತ್ತಿದ್ದೆ. ತಗಡಣ್ಣ ಟಾರ್ಚು ಹಿಡಿದು ನಿಂತಿದ್ದ. ಬಹಳ ಹೊತ್ತು ಮಾತಾಡಲಿಲ್ಲ. ಅವನು ಮಾತಾಡದಿದ್ದರೆ ಓಣಿಯೇ ಮೈ ಹುಷಾರಿಲ್ಲದ ಹಾಗೆ ಇರುತ್ತದೆ.

"ನಿನಗೊಂದು ವಿಷಯ ಹೇಳ್ಬೇಕು ಕಣೋ," ಎಂದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಆವತ್ತು ಏಳೂ ಕಾಲಿಗೆ ನಾನು ಅಂಗಡಿ ಮುಚ್ಚಿ ಈ ಶೆಡ್ ಮುಂದೇನೇ ಹೋದೆ. ಕತ್ತಲಿತ್ತು. ತಂಗಿ ಇನ್ನೂ ಬಂದಿಲ್ಲ ಅಂದ್ಕೊಂಡು ಹೋದೆ. ದಿನಾ ದೀಪ ನೋಡಿ ಒಂದು ಮಾತಾಡ್ಸಿ ಹೋಗೋನು. ಒಂದ್ಸಲ ಬಗ್ಗಿ ನೋಡಿದ್ರೆ ಏನು ಗಂಟು ಹೋಗ್ತಿತ್ತೋ ನಂದು? ನಾಲ್ಕು ತಿಂಗಳಿಂದ ಇದೇ ಕೊರೀತಿದೆ. ನಿನ್ನ ಮುಖ ನೋಡಕ್ಕಾಗ್ತಿಲ್ಲ."

ಕಾದ ಬೆಸುಗೆ ಕಡ್ಡಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಆಗ ಹೇಳಬಹುದಿತ್ತು. ನಾನು ಹೇಳಿದ್ದು, "ಟಾರ್ಚು ಸ್ವಲ್ಪ ಈ ಕಡೆ ಹಿಡಿ."

ಮಗಳು ಇವತ್ತು ಫೋನು ಮಾಡಲಿಲ್ಲ.

ಮಾರ್ಚ್ 18

ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ನನ್ನ ಪಾಪದ ಹೊರೆಯನ್ನು ಇನ್ನೊಬ್ಬ ಹೊತ್ತುಕೊಂಡು ತಿರುಗುತ್ತಿದ್ದಾನೆ, ನಾನು ಟಾರ್ಚು ಈ ಕಡೆ ಹಿಡಿ ಎಂದಿದ್ದೇನೆ.

ಬೆಳಿಗ್ಗೆ ಅವನ ಶೆಡ್ಡಿಗೆ ಹೋಗಿ, ಅವನು ಸುತ್ತಿಗೆ ನಿಲ್ಲಿಸುವವರೆಗೆ ಕಾದು, ಎಲ್ಲ ಹೇಳಿದೆ. ತುಕ್ಕಲ್ಲ, ವೈರು ನಾನೇ ಕಿತ್ತೆ ಎಂದೆ. ದೀಪ ಉರಿದಿದ್ದರೆ ನೀನು ನೋಡುತ್ತಿದ್ದೆ, ನಿನ್ನದೇನೂ ತಪ್ಪಿಲ್ಲ ಎಂದೆ.

ಸುತ್ತಿಗೆ ಕೆಳಗಿಟ್ಟು ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಮಗೀಗೆ ಗೊತ್ತಾ?"

"ಇಲ್ಲ."

"ಮತ್ತೆ ನನ್ನತ್ರ ಯಾಕೋ ಅಳ್ತಾ ಇದೀಯ? ನಾನೇನು ನಿನ್ನ ಮಗಳಾ? ಹೋಗು."

ಸುತ್ತಿಗೆ ಎತ್ತಿಕೊಂಡು ತಗಡು ತಟ್ಟತೊಡಗಿದ. ಮಧ್ಯಾಹ್ನ ಮಾತ್ರ ಅವನ ಮನೆಯಿಂದ ಒಂದು ಡಬ್ಬಿ ಊಟ ಬಂದು ನಮ್ಮ ಬಾಗಿಲ ಹತ್ತಿರ ಕೂತಿತ್ತು. ಪೂರ್ತಿ ತಿಂದೆ. ಡಬ್ಬಿ ತೊಳೆದು ಕೊಟ್ಟು ಬಂದೆ.

ಮಾರ್ಚ್ 23, ಭಾನುವಾರ

ಹೊಸ ಲಿಫ್ಟನ್ನು ಒಪ್ಪಿಸುವ ಮೊದಲು ಬಾಗಿಲನ್ನು ನೂರು ಸಲ ತೆರೆದು ಮುಚ್ಚುವುದು ನಮ್ಮ ಪದ್ಧತಿ. ಡ್ರೈವರ್ ಬಾಗಿಲನ್ನು ನೂರು ಸಲ ತೆರೆದು ಮುಚ್ಚಿದೆ. ಹೊರಗೆ ನಿಂತು ಐವತ್ತು ಸಲ. ಸೊಂಟ ನೋಯುತ್ತಿತ್ತು, ಉಳಿದ ಐವತ್ತನ್ನು ಒಳಗೆ ಕೂತು ಮಾಡಿದೆ. ಒಂದು ಸಲವೂ ತಪ್ಪಲಿಲ್ಲ. ವೈರುಗಳಿಗೆಲ್ಲ ಬೆಸುಗೆ ಹಾಕಿದ್ದೇನೆ. ಸಿಟ್ಟು ಬಂದವನು ಬರಿಗೈಯಲ್ಲಿ ಕೀಳಲಾರ.

ಎಪ್ಪತ್ತೋ ಎಪ್ಪತ್ತೊಂದೋ ಆದಾಗ ಗಮನಕ್ಕೆ ಬಂತು, ನಾನು ಅವಳ ಸೀಟಿನಲ್ಲಿ ಕೂತಿದ್ದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಕೂತಿರಲಿಲ್ಲ. ನನ್ನ ಕಾಲೂ ಹೊರಗೆ ಚಾಚಿತ್ತು. ಅಲ್ಲಿಂದ ನಮ್ಮ ಅಡುಗೆಮನೆಯ ಕಿಟಕಿ ಕನ್ನಡಿಯಲ್ಲಿ ಕಾಣುತ್ತದೆ. ಕಿಟಕಿ, ಒಲೆಯ ಮೇಲಿನ ದೀಪ, ಎಲ್ಲ ಕಾಣುತ್ತದೆ. ಹತ್ತು ನಿಮಿಷ ಅವಳು ಅಲ್ಲಿ ಕಣ್ಣು ಮುಚ್ಚಿ ಕೂರುತ್ತಾಳೆ ಎಂದುಕೊಂಡಿದ್ದೆ. ನನ್ನನ್ನು ನೋಡುತ್ತಿದ್ದಳೋ ಏನೋ. ನಾನು ಟೀ ಸೋಸುವುದನ್ನು, ನೊರೆ ಉಕ್ಕಿಸಿಕೊಂಡು ಬೈದುಕೊಳ್ಳುವುದನ್ನು.

ಅತ್ತೆ. ಗಟ್ಟಿಯಾಗಿಯೇ ಅತ್ತೆ. ತಗಡಣ್ಣನ ಸುತ್ತಿಗೆ ನಿಂತಿತು, ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು. ನನ್ನ ಅಳು ಓಣಿಗೆ ಕೇಳಿಸಬಾರದು ಎಂದೇ ತಟ್ಟುತ್ತಿದ್ದ.

ಮಾರ್ಚ್ 30, ಭಾನುವಾರ

ಮಗಳು ನಾಲ್ಕು ಗಂಟೆಯ ಬಸ್ಸಿಗೆ ಬಂದಳು. ತುಂಬ ಸೊರಗಿದ್ದಾಳೆ. ಅಮ್ಮನ ಕೋಣೆಗೆ ಹೋಗಿ ಬಂದಳು, ಕೈಕಾಲು ತೊಳೆದಳು, ಅಡುಗೆಮನೆಯ ಮೇಜಿನ ಹತ್ತಿರ ಕೂತಳು. ನಾನು ಒಂದು ವಾರದಿಂದ ಮಾತುಗಳನ್ನು ಜೋಡಿಸಿಟ್ಟಿದ್ದೆ. ಅವಳ ಮುಖ ನೋಡಿದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿಯಾದವು. ಜೇಬಿನಿಂದ ಆ ಕಪ್ಪು ಟೇಪಿನ ತುಂಡು ತೆಗೆದು ಮೇಜಿನ ಮೇಲಿಟ್ಟೆ.

"ತುಕ್ಕಲ್ಲ ಮಗಾ. ವೈರು ನಾನೇ ಕಿತ್ತಿದ್ದೆ. ಬ್ಯಾಟರಿ ಕೂರುತ್ತೆ ಅಂತ ಸಿಟ್ಟಲ್ಲಿ ಕಿತ್ತೆ. ಸರಿ ಮಾಡಿದೀನಿ ಅಂತ ನಿಮ್ಮಮ್ಮನಿಗೆ ಸುಳ್ಳು ಹೇಳ್ದೆ. ಆಮೇಲೆ ನಿನಗೂ ಹೇಳ್ದೆ. ಅವತ್ತು ದೀಪ ಇದ್ದಿದ್ರೆ..."

ತುಂಡನ್ನು ಅವಳ ಕಡೆ ತಳ್ಳಿದೆ.

ಅವಳು ಟೇಪಿನ ತುಂಡನ್ನು ನೋಡುತ್ತಿದ್ದಳು. ಮುಟ್ಟಲಿಲ್ಲ.

"ಗೊತ್ತಿತ್ತು," ಎಂದಳು.

"ಏನು?"

"ನನಗೆ ಮೊದಲಿಂದ್ಲೂ ಗೊತ್ತಿತ್ತು ಅಪ್ಪ. ಅಮ್ಮ ಫೋನಲ್ಲಿ ಹೇಳಿದ್ಳು, ಹೋಗೋಕೆ ಎರಡು ದಿನ ಮುಂಚೆ. ನಗ್ತಾ ನಗ್ತಾ ಹೇಳಿದ್ಳು. 'ನಿಮ್ಮಪ್ಪ ವೈರು ಕಿತ್ತು ಟೇಪ್ ಸುತ್ತಿ, ರಿಪೇರಿ ಮಾಡಿದೀನಿ ಅಂತ ಮೀಸೆ ತಿರುವ್ತಿದಾರೆ ಕಣೇ. ನಾನು ಸ್ಕ್ರೂ ಬಿಚ್ಚಿ ನೋಡ್ಬಿಟ್ಟೆ. ಕೇಳಲ್ಲ ನಾನು. ಎಷ್ಟು ದಿನ ಸುಮ್ನಿರ್ತಾರೆ ನೋಡ್ತೀನಿ. ಟೀ ಲೆಕ್ಕ ತಪ್ತಿದೆ, ಪಾಪ, ಗಡಿಯಾರ ನೋಡ್ಕೊಂಡು ಓಡಾಡ್ತಾರೆ,' ಅಂದ್ಳು."

ಹಾಗೆ ಹೇಳುವಾಗ ಮಗಳ ದನಿ ಅವಳಮ್ಮನದೇ ಆಗಿತ್ತು. ನನ್ನವಳಿಗೆ ಗೊತ್ತಿತ್ತು. ಐದು ಸಂಜೆ ಕತ್ತಲಲ್ಲಿ ಕೂತು, ಕನ್ನಡಿಯಲ್ಲಿ ನನ್ನ ಒದ್ದಾಟ ನೋಡಿ ನಕ್ಕಿದ್ದಾಳೆ. ಆರನೇ ಸಂಜೆಯೂ ನಗುತ್ತಲೇ ಕೂತಿದ್ದಳೋ ಏನೋ.

"ನಾನು ಕಾಯ್ತಾ ಇದ್ದೆ," ಎಂದಳು ಮಗಳು. ಈಗ ಅದು ಅವಳದೇ ದನಿ. "ನೀನೇ ಹೇಳ್ತೀಯ ಅಂತ. ಪ್ರತಿ ಭಾನುವಾರ ಕೇಳ್ದೆ. ಪ್ರತಿ ಸಲ ತುಕ್ಕು ಅಂದೆ. ಬ್ಯಾಟರಿ ವಿಷಯಕ್ಕೆ ಸಿಟ್ಟಿಲ್ಲ ಅಪ್ಪ, ಅದು ಯಾರು ಬೇಕಾದ್ರೂ ಮಾಡ್ತಿದ್ರು. ನನಗೂ ತುಕ್ಕು ಅಂದ್ಯಲ್ಲ, ಅದಕ್ಕೆ."

"ನನ್ನನ್ನ ಕ್ಷಮಿ..."

"ಬೇಡ. ಇವತ್ತು ಕೇಳ್ಬೇಡ. ಇವತ್ತು ನನ್ನತ್ರ ಇಲ್ಲ."

ಕೀ ತೆಗೆದುಕೊಂಡು ಕೆಳಗಿಳಿದು ಹೋದಳು.

ಏಳು ಗಂಟೆ ಆಗುತ್ತಿತ್ತು. ಕತ್ತಲಾಗಿತ್ತು. ಕಿಟಕಿಯಲ್ಲಿ ನಿಂತಿದ್ದೆ. ಶಟರ್ ಎತ್ತಿದ ಸದ್ದು, ಆಮೇಲೆ ಓಣಿಯ ನೆಲದ ಮೇಲೆ ಹಳದಿ ಬೆಳಕು ಬಿತ್ತು. ಕೈ ತಾನಾಗಿಯೇ ಒಲೆಗೆ ಹೋಯಿತು, ನೀರಿಟ್ಟೆ. ನೀರು ಕುದಿಯಿತು. ದೀಪ ಆರಲಿಲ್ಲ. ಹತ್ತು ನಿಮಿಷ ಯಾರೂ ಏನೂ ಕೇಳಬಾರದು ಎಂಬುದು ನೆನಪಿತ್ತು. ಗಡಿಯಾರ ನೋಡಲಿಲ್ಲ. ಒಲೆ ಆರಿಸಿ, ಬರಿಗಾಲಿನಲ್ಲೇ ಮೆಟ್ಟಿಲಿಳಿದು ಓಡಿದೆ.

ಅಮ್ಮನ ಸೀಟಿನಲ್ಲಿ ಕಾಲು ಹೊರಗೆ ಚಾಚಿ ಕೂತಿದ್ದಳು. ಮುಖವೆಲ್ಲ ಒದ್ದೆ.

"ಯಾಕೆ ಬಂದೆ? ಇನ್ನೂ ಹತ್ತು ನಿಮಿಷ ಆಗಿಲ್ಲ."

"ಗೊತ್ತು. ಸುಮ್ನೆ ನೋಡೋಕೆ ಬಂದೆ."

ಕೈ ಚಾಚಿ ಪಕ್ಕದ ಬಾಗಿಲಿನ ಚಿಲಕ ತೆಗೆದಳು. ನನ್ನ ಕಡೆ ನೋಡಲಿಲ್ಲ. ಕೂತೆ. ಏನೂ ಕೇಳಲಿಲ್ಲ. ನಮ್ಮಿಬ್ಬರ ತಲೆಯ ಮೇಲೆ ದೀಪ ಉರಿಯುತ್ತಿತ್ತು.

ಮಾರ್ಚ್ 31

ಮಗಳು ಮಧ್ಯಾಹ್ನ ಹೊರಟಳು. ಅಜ್ಜಿ ಎರಡು ಸಲ ಕೆಮ್ಮಿ ಎದ್ದಿತು. ಓಣಿಯ ತಿರುವಿನವರೆಗೆ ತಗಡಣ್ಣ ಮುಂದೆ ಮುಂದೆ ಓಡಿ, ರಸ್ತೆಯ ಸೈಕಲ್ಲುಗಳನ್ನೆಲ್ಲ ಗದರಿಸಿ ದಾರಿ ಬಿಡಿಸಿದ. ಮಗಳು ಕೈ ಬೀಸಲಿಲ್ಲ, ಆದರೆ ತಿರುವಿನಲ್ಲಿ ನಿಧಾನ ಮಾಡಿ ಕನ್ನಡಿ ನೋಡಿದಳು.

ಮೊದಲ ಪುಟ ತೆರೆದು 'ಸ್ವಿಚ್ಚಿಗೆ ತುಕ್ಕು' ಎನ್ನುವುದನ್ನು ಹೊಡೆದುಹಾಕಿದೆ. ಅದರ ಕೆಳಗೆ ಬರೆದೆ: ವೈರು ನಾನು ಕಿತ್ತೆ, ಹೇಳಲಿಲ್ಲ. ಪರಿಹಾರದ ಕಾಲಂನಲ್ಲಿ: ನಾಲ್ಕೂ ಬಾಗಿಲಿಗೆ ಅಯಸ್ಕಾಂತದ ಸ್ವಿಚ್ಚು ಹಾಕಿದೆ. ಅದಕ್ಕಿಂತ ಹೆಚ್ಚು ಬರೆಯಲು ಏನೂ ತೋಚಲಿಲ್ಲ.

ಸಂಜೆ ಏಳಕ್ಕೆ ಕಾಲು ತಾನಾಗಿ ಕಿಟಕಿಯ ಹತ್ತಿರ ಹೋಯಿತು. ಶೆಡ್ಡು ಖಾಲಿ, ಕತ್ತಲೆ. ಏಳೂ ಐದಕ್ಕೆ ಫೋನು ಹೊಡೆದುಕೊಂಡಿತು. ಸೋಮವಾರ ಮಗಳು ಯಾವತ್ತೂ ಮಾಡುವವಳಲ್ಲ.

"ಮನೆ ಮುಂದೆ ನಿಲ್ಲಿಸಿದೀನಿ," ಎಂದಳು. "ಬಾಗಿಲು ತೆಗೆದಿದೀನಿ. ದೀಪ ಉರೀತಿದೆ."

"ಹೂಂ."

ಆಮೇಲೆ ಮಾತಿಲ್ಲ. ಫೋನು ಇಡಲೂ ಇಲ್ಲ. ಅವಳ ಉಸಿರು ಕೇಳಿಸುತ್ತಿತ್ತು, ದೂರದಲ್ಲಿ ಯಾವುದೋ ನಾಯಿ ಬೊಗಳುತ್ತಿತ್ತು. ನಾನು ಏನೂ ಕೇಳಲಿಲ್ಲ. ಫೋನನ್ನು ಒಲೆಯ ಪಕ್ಕದಲ್ಲಿಟ್ಟು ಟೀಗೆ ನೀರಿಟ್ಟೆ.

ನೀರು ಕುದಿಸಿ, ಟೀಸೊಪ್ಪು ಹಾಕಿ, ಹಾಲು ಹಾಕಿ, ಉರಿ ಸಣ್ಣ ಮಾಡಿ ಕಾದೆ. ಎಷ್ಟೋ ಹೊತ್ತಾದ ಮೇಲೆ ಆ ಕಡೆ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಆಗ ಸೋಸಿದೆ. ಒಂದೇ ಲೋಟ.